ಹೆಲ್ಮೆಟ್ಟಿನೊಳಗೆ ಯಾರಿದ್ದರೇನು

ನಮ್ಮ ಕಡೂರಿನಲ್ಲಿ ಸೈಕಲ್ ತುಳಿಯುವ ಹೆಂಗಸು ಹೆಲ್ಮೆಟ್ ಹಾಕಿಕೊಂಡರೆ ಜನ ಏನನ್ನುತ್ತಾರೆ ಎಂದು ತಿಳಿಯಬೇಕಾದರೆ ನನ್ನನ್ನು ಕೇಳಿ. ‘ಏನಕ್ಕಾ, ಕ್ರಿಕೆಟ್ ಆಡಕ್ ಹೊಂಟ್ಯಾ?’ ಎಂದವರಿದ್ದಾರೆ. ‘ತಲೆ ಮೇಲೇನು, ಕುಕ್ಕರ್ರಾ?’ ಎಂದವರಿದ್ದಾರೆ. ಟೀ ಅಂಗಡಿಯ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತು ಬೆಂಚನ್ನೇ ಸವೆಸಿದ ಒಬ್ಬ ಯಜಮಾನರು, ‘ಸೈಕಲ್ಗ್ ಯಾಕವ್ವಾ ಅದೆಲ್ಲ, ದುಡ್ಡು ದಂಡ’ ಎಂದು ಬುದ್ಧಿ ಹೇಳಿದರು. ನಾನು ಯಾರಿಗೂ ಎದುರು ಮಾತಾಡಿದವಳಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎಲ್ಲರಿಗೂ ಮಾತಾಡಿದ್ದೇನೆ. ಆ ಬೆಂಚಿನ ಯಜಮಾನರಿಗೆ, ‘ತಲೆ ನಂದು, ದುಡ್ಡು ನಂದು, ನಿಮ್ದೇನ್ ಗಂಟು ಹೋಯ್ತು?’ ಎಂದು ಕೇಳಿದೆ. ಅವರು ಟೀ ಲೋಟದೊಳಗೆ ಮುಖ ಇಟ್ಟುಕೊಂಡರು.

ನಾನು ರವಿಕೆ ಹೊಲಿಯುವವಳು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಮಳಿಗೆ, ಒಂದು ಮೆಷಿನ್, ಗೋಡೆ ತುಂಬ ಮೊಳೆ, ಮೊಳೆ ತುಂಬ ಅಳತೆ ರವಿಕೆ. ಆದರೆ ನನ್ನ ಅರ್ಧ ಕೆಲಸ ಇರುವುದು ಮಳಿಗೆಯಲ್ಲಲ್ಲ, ಬೀರೂರು ರಸ್ತೆಯಲ್ಲಿ. ಆ ರಸ್ತೆಯಿಂದ ಒಳಕ್ಕೆ ಹೋದರೆ ತೋಟದ ಮನೆಗಳಿವೆ, ಚಿಕ್ಕ ಹಳ್ಳಿಗಳಿವೆ. ಅಲ್ಲಿ ಪೇಟೆಗೆ ಬಂದು ಅಳತೆ ಕೊಡಲಾರದ ಹೆಂಗಸರಿದ್ದಾರೆ. ಹಸಿ ಬಾಣಂತಿಯರು, ಮಂಡಿ ಹಿಡಿದುಕೊಂಡ ಅಜ್ಜಿಯರು, ‘ಹೊರಗ್ಯಾಕೆ ಹೋಗ್ಬೇಕು’ ಎಂದು ಮನೆಯವರು ಕಳಿಸದ ಸೊಸೆಯರು. ಅವರ ಬಾಗಿಲಿಗೆ ನಾನೇ ಟೇಪು ಹಿಡಿದು ಹೋಗುತ್ತೇನೆ, ಹೊಲಿದು ನಾನೇ ತಲುಪಿಸುತ್ತೇನೆ. ಬಸ್ಸು ಆ ಬಾಗಿಲುಗಳಿಗೆ ಹೋಗುವುದಿಲ್ಲ. ಸೈಕಲ್ ಹೋಗುತ್ತದೆ.

ಸ್ಕೂಟಿ ಕಲಿತುಕೊಳ್ಳೇ ಎಂದವರೂ ಉಂಟು. ನನಗೆ ಸೈಕಲ್ಲೇ ಇಷ್ಟ. ಇಷ್ಟ ಅನ್ನುವುದಕ್ಕೆ ಊರಿಗೆಲ್ಲ ಕಾರಣ ಕೊಡುತ್ತ ಕೂರಬೇಕೇ? ಆದರೂ ಒಂದು ಹೇಳುತ್ತೇನೆ. ಮನೆಯಲ್ಲಿ ನಾನು ಅವರ ಹೆಂಡತಿ, ಮಳಿಗೆಯಲ್ಲಿ ‘ಟೈಲರಕ್ಕ’. ಸೈಕಲ್ ಮೇಲೆ ಮಾತ್ರ ನಾನು ಯಾರೂ ಅಲ್ಲ. ಎದುರು ಗಾಳಿಗೆ ತುಳಿಯುತ್ತ ತೆಂಗಿನ ತೋಟಗಳನ್ನು ದಾಟುವಾಗ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಅಷ್ಟು ಹೊತ್ತು ನನ್ನದು.

ಇನ್ನು ನನ್ನ ಯಜಮಾನರು. ಅವರು ಪ್ರೈವೇಟ್ ಬಸ್ಸಿನ ಡ್ರೈವರ್. ಕಡೂರಿನಿಂದ ಬೀರೂರು, ತರೀಕೆರೆ, ಅಲ್ಲಿಂದ ಅಜ್ಜಂಪುರ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಒಳ್ಳೆಯ ಮನುಷ್ಯ. ಕುಡಿತವಿಲ್ಲ, ಕೈ ಎತ್ತಿದವರಲ್ಲ. ಆದರೆ ಸ್ಟೇರಿಂಗ್ ಹಿಂದೆ ಕೂತರೆ ಬೇರೆಯೇ ಮನುಷ್ಯ. ಅವರನ್ನೊಬ್ಬರನ್ನೇ ಅಂದು ಏನು ಪ್ರಯೋಜನ, ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಬಂದು ಸ್ಟಾಪಿನಲ್ಲಿ ನಿಂತ ಜನರನ್ನೆಲ್ಲ ಬಾಚಿಕೊಂಡು ಹೋಗುತ್ತಾನೆ, ಓನರು ಉಗಿಯುತ್ತಾನೆ. ‘ಟೈಮಿಂಗು’ ಎನ್ನುವ ಶಬ್ದವನ್ನು ನಾನು ನಮ್ಮ ಮನೆಯಲ್ಲಿ ದೇವರ ಹೆಸರಿಗಿಂತ ಹೆಚ್ಚು ಕೇಳಿದ್ದೇನೆ. ಊಟಕ್ಕೆ ಕೂತಾಗ ಅವರು, ‘ಸೈಕಲ್ನೋರು ದನ ಇದ್ದಂಗೆ ಕಣೇ. ದನಕ್ಕಾದ್ರೂ ಹಾರ್ನ್ ಕೇಳಿಸ್ತದೆ’ ಎನ್ನುತ್ತಿದ್ದರು. ‘ನಾನೂ ಸೈಕಲ್ ತುಳಿಯೋಳೇ’ ಎಂದರೆ, ‘ನೀನ್ ಬೇರೆ ಬಿಡು’ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮೊದಲ ಸಲ ಬಿದ್ದದ್ದು ಒಂದು ಬಿಳಿ ಕಾರಿನಿಂದ. ಅದರ ಕನ್ನಡಿ ನನ್ನ ಮೊಣಕೈಗೆ ತಾಗಿತು, ಹ್ಯಾಂಡಲ್ ತಿರುಗಿತು, ರಸ್ತೆಯ ಅಂಚಿನ ಜಲ್ಲಿಗೆ ಹಣೆ ಹೊಡೆಯಿತು. ಕಾರು ನಿಂತಿತು, ಆ ಮಟ್ಟಿಗೆ ಪುಣ್ಯಾತ್ಮ. ಇಳಿದು ಮೊದಲು ನೋಡಿದ್ದು ತನ್ನ ಕನ್ನಡಿಯನ್ನು. ಆಮೇಲೆ ನನ್ನ ಹಣೆಯಿಂದ ಸುರಿಯುತ್ತಿದ್ದ ರಕ್ತ ನೋಡಿ, ‘ಹೆಲ್ಮೆಟ್ ಹಾಕ್ಕೊಂಡ್ ಓಡಿಸ್ಬೇಕಮ್ಮಾ. ನೋಡಿ ಈಗ’ ಎಂದ. ಸುತ್ತ ಸೇರಿದ್ದ ನಾಲ್ಕು ಜನ, ‘ಹೌದು, ಅದೂ ನಿಜಾನೇ’ ಎಂದು ತಲೆಯಾಡಿಸಿದರು. ಅವನು ಅಷ್ಟು ಹತ್ತಿರ ಯಾಕೆ ಬಂದ ಎಂದು ಒಬ್ಬರೂ ಕೇಳಲಿಲ್ಲ. ನನಗೆ ನೋವಿಗಿಂತ ಸಿಟ್ಟೇ ಹೆಚ್ಚಾಯಿತು. ಆಸ್ಪತ್ರೆಯಲ್ಲಿ ಹಣೆಗೆ ಹೊಲಿಗೆ ಹಾಕಿದರು. ಕನ್ನಡಿಯಲ್ಲಿ ನೋಡಿಕೊಂಡೆ. ನನ್ನ ಕೈಗೆ ಸೂಜಿ ಕೊಟ್ಟಿದ್ದರೆ ಇದಕ್ಕಿಂತ ನೇರವಾಗಿ ಹಾಕುತ್ತಿದ್ದೆ.

ಮನೆಯಲ್ಲಿ ಯಜಮಾನರು ಹೆದರಿದ್ದರು. ಹೆದರಿದಾಗ ಅವರು ಕೂಗಾಡುತ್ತಾರೆ. ‘ಇನ್ನೊಂದ್ ಸಲ ಬಿದ್ದೆ ಅಂದ್ರೆ ಸೈಕಲ್ನ ಗುಜರಿಗ್ ಹಾಕ್ಬಿಡ್ತೀನಿ, ನೋಡ್ತಿರು. ರೋಡ್ ಹೆಂಗೈತೆ ಅಂತ ನಂಗ್ ಗೊತ್ತು, ನಿಂಗಲ್ಲ.’ ಗುಜರಿಗೆ ಹಾಕುವುದೆಂದರೆ ಅವರಿಗೆ ಹಳೆಯ ಕಬ್ಬಿಣ ಮಾರುವ ಮಾತು. ನನಗೆ ಅದು ಕಾಲು ಕತ್ತರಿಸುವ ಮಾತು. ಸೈಕಲ್ ಹೋದರೆ ಆ ಬಾಣಂತಿಯರು, ಆ ಅಜ್ಜಿಯರು ನನ್ನ ಕೈ ತಪ್ಪುತ್ತಾರೆ. ಯಾರಾದರೂ ಬಂದಾರೇ ಎಂದು ಬಾಗಿಲು ನೋಡುತ್ತ ನಾನು ಮೆಷಿನ್ ಮುಂದೆ ಗೊಂಬೆಯ ಹಾಗೆ ಕೂರಬೇಕು. ಅದು ನನ್ನಿಂದ ಆಗದು ಎಂದು ಅವತ್ತೇ ನಿಶ್ಚಯ ಮಾಡಿದೆ.

ಹಾಗೆ ಹೆಲ್ಮೆಟ್ ಬಂತು. ಸೈಕಲ್ ಶಾಪಿನವನನ್ನು ಕೇಳಿದರೆ, ‘ಅದನ್ನ ಯಾರಕ್ಕಾ ತಗಂತಾರೆ ಇಲ್ಲಿ?’ ಎಂದ. ಫೋನಿನಲ್ಲಿ ಆರ್ಡರ್ ಮಾಡಿ ಮಳಿಗೆಗೇ ತರಿಸಿಕೊಂಡೆ. ಯಜಮಾನರಿಗೆ ಹೇಳಲಿಲ್ಲ. ದಿನವೆಲ್ಲ ರೋಡಿನಲ್ಲಿರುವ ಅವರ ಕಿವಿಗೆ ಪೇಟೆಯ ಮಾತೂ ಬೀಳುತ್ತಿರಲಿಲ್ಲ. ಹೇಳಿದ್ದರೆ, ‘ನೋಡ್ದ್ಯಾ, ನಿಂಗೂ ಭಯ ಐತೆ, ಬಿಟ್ಬಿಡು ಮತ್ತೆ’ ಎಂದು ಅದನ್ನೇ ಹಿಡಿದುಕೊಳ್ಳುತ್ತಿದ್ದರು. ಹೆಲ್ಮೆಟ್ ಮಳಿಗೆಯ ಮೊಳೆಯಲ್ಲಿ ಅಳತೆ ರವಿಕೆಗಳ ಜೊತೆ ತೂಗುತ್ತಿತ್ತು. ಅಲ್ಲಿಂದ ಹೊರಡುವಾಗ ಹಾಕಿಕೊಳ್ಳುತ್ತಿದ್ದೆ, ಅಲ್ಲಿಗೆ ಬಂದು ತೆಗೆಯುತ್ತಿದ್ದೆ.

ಈಗ ನಾನು ಹೇಳುವುದನ್ನು ನಂಬುವವರು ನಂಬಿ. ಟೇಪು ಹಿಡಿದು ಬದುಕುವವಳು ನಾನು, ಕಣ್ಣಳತೆಯಲ್ಲಿ ಸುಲಭವಾಗಿ ಮೋಸ ಹೋಗುವುದಿಲ್ಲ. ಸೀರೆ ಉಟ್ಟು, ಬರಿತಲೆಯಲ್ಲಿ, ಜಡೆ ಇಳಿಬಿಟ್ಟುಕೊಂಡು ತುಳಿಯುವಾಗ ಗಾಡಿಗಳು ಒಂದು ಮೊಳವೋ ಎರಡು ಮೊಳವೋ ಜಾಗ ಬಿಡುತ್ತಿದ್ದವು. ಹೆಲ್ಮೆಟ್ ಹಾಕಿದ ಮೇಲೆ ಅದು ಗೇಣಿಗೆ ಇಳಿಯಿತು. ಹೆಂಗಸು, ಎಲ್ಲಿ ಅಡ್ಡ ಬರುತ್ತಾಳೋ ಎಂಬ ಹೆದರಿಕೆಗೆ ಬಿಡುತ್ತಿದ್ದ ಜಾಗ ಅದು. ಹೆಲ್ಮೆಟ್ ಕಂಡರೆ, ಇವಳಿಗೆ ಓಡಿಸಲು ಬರುತ್ತದೆ, ಬಿದ್ದರೂ ಏನಾಗದು ಎಂದುಕೊಳ್ಳುತ್ತಾರೆ. ಒಂದು ಮಧ್ಯಾಹ್ನ ತೆಂಗಿನಕಾಯಿ ತುಂಬಿದ ಲಗೇಜ್ ಆಟೋ ಒರೆಸಿಕೊಂಡು ಹೋದ ರಭಸಕ್ಕೆ ನಾನು ಸೈಕಲ್ ಸಮೇತ ಮಣ್ಣಿಗೆ ಇಳಿದು ಕಾಲೂರಿ ನಿಂತೆ. ಮುಂದಿನ ರೋಡ್ ಹಂಪಿನಲ್ಲಿ ಅವನು ನಿಧಾನಿಸಿದಾಗ ಹಿಡಿದು ಕೇಳಿದರೆ ಅವನು ತಣ್ಣಗೆ, ‘ಹೆಲ್ಮೆಟ್ ಐತಲ್ಲಕ್ಕ, ಏನಾಗಲ್ಲ ಬಿಡು’ ಎಂದ.

ಹೆಲ್ಮೆಟ್ ಇಲ್ಲದಿದ್ದಾಗ ತಪ್ಪು ನನ್ನದು, ಇದ್ದಾಗ ತಪ್ಪೇ ಆಗಿಲ್ಲ! ‘ತಲೆ ಗಟ್ಟಿ ಐತೆ ಅಂತ ಬಂಡೆ ಹಾಯ್ತಾರೇನೋ?’ ಎಂದು ಬೈದೆ. ‘ಬಂಡೆ ನೀನು, ತಲೆ ನಂದು!’ ಅವನು ನಕ್ಕು ಗಾಡಿ ಎಬ್ಬಿಸಿದ. ಆದರೂ ನಾನು ಹೆಲ್ಮೆಟ್ ತೆಗೆಯಲಿಲ್ಲ. ಹಣೆಯ ಗಾಯದ ಗುರುತು ಇನ್ನೂ ಕೆಂಪಗಿತ್ತು. ತಲೆಯನ್ನು ಕಾಪಾಡಿಕೊಳ್ಳುವುದು ನನ್ನ ಕೆಲಸ, ನಾನು ಮಾಡುತ್ತಿದ್ದೆ. ಜಾಗ ಬಿಡುವುದು ಅವರ ಕೆಲಸ, ಅದನ್ನು ಅವರು ಮಾಡುತ್ತಿರಲಿಲ್ಲ.

ಚಳಿಗಾಲ ಬಂತು. ಬೆಳಿಗ್ಗೆ ಮಂಜು ಕವಿದಿರುತ್ತಿತ್ತು. ಮಳಿಗೆಯಲ್ಲಿ ಯಾರೋ ಗುಂಡಿ ಹಾಕಲು ಕೊಟ್ಟು ಮರೆತುಹೋದ ಗಂಡಸರ ತುಂಬು ತೋಳಿನ ಅಂಗಿ ಬಿದ್ದಿತ್ತು. ಅದನ್ನೇ ಮೇಲೆ ತೊಟ್ಟು, ಸೀರೆ ಬಿಟ್ಟು ಚೂಡಿದಾರ ಹಾಕಿ, ಜಡೆಯನ್ನು ಹೆಲ್ಮೆಟ್ಟಿನೊಳಗೆ ಸೇರಿಸಿ ಹೊರಟೆ. ಒಂದು ನಾಮಕರಣದ ಮನೆಗೆ ರವಿಕೆ ತಲುಪಿಸಬೇಕಿತ್ತು. ಬೀರೂರು ರಸ್ತೆಯಲ್ಲಿ ಹಿಂದಿನಿಂದ ಹಾರ್ನ್ ಕೇಳಿತು. ಆ ಹಾರ್ನ್ ನನಗೆ ಗೊತ್ತು. ಎರಡು ಗಿಡ್ಡ, ಒಂದು ಉದ್ದ. ಮದುವೆಯಾದಾಗಿನಿಂದ ನಮ್ಮ ಬೀದಿಯ ತುದಿಯಲ್ಲಿ ಅದನ್ನು ಕೇಳಿಸಿಕೊಂಡೇ ನಾನು ಸಾರಿಗೆ ಒಗ್ಗರಣೆ ಇಟ್ಟಿದ್ದೇನೆ. ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ನಮ್ಮವರು, ನೋಡುತ್ತಾರೆ ಎಂದುಕೊಂಡೆ.

ಬಸ್ಸು ಜಾಗ ಬಿಡಲಿಲ್ಲ. ಅದರ ಪಕ್ಕೆ ನನ್ನ ಭುಜದ ಹತ್ತಿರ ಗೋಡೆಯ ಹಾಗೆ ಸರಿಯಿತು. ಹಾರ್ನ್ ಕಿವಿಯೊಳಗೇ ಹೊಡೆಯಿತು. ಬಾಗಿಲಲ್ಲಿ ಜೋತುಬಿದ್ದಿದ್ದ ಕಂಡಕ್ಟರ್, ಹಬ್ಬ ಹರಿದಿನದಲ್ಲಿ ನಮ್ಮ ಮನೆಯಲ್ಲಿ ಒಬ್ಬಟ್ಟು ತಿಂದು ‘ಇನ್ನೊಂದಾಕಕ್ಕಾ’ ಎನ್ನುವವನು, ಬಸ್ಸಿನ ಮೈ ಬಡಿಯುತ್ತ, ‘ಲೇ ಹೆಲ್ಮೆಟ್ಟು, ಸೈಡಿಗ್ ಸಾಯೋ!’ ಎಂದು ಕೂಗಿದ. ನಾನು ಚರಂಡಿಗೆ ಇಳಿದೆ. ಬೀಳಲಿಲ್ಲ, ಇಳಿದೆ ಅಷ್ಟೆ, ಆದರೆ ಕ್ಯಾರಿಯರ್ ಮೇಲಿದ್ದ ಚೀಲ ಹರಿದು ನಾಮಕರಣದ ರೇಷ್ಮೆ ರವಿಕೆ ಕೆಸರಿಗೆ ಬಿತ್ತು. ಬಸ್ಸಿನ ಹಿಂಭಾಗ ಮಂಜಿನಲ್ಲಿ ಕರಗುವವರೆಗೂ ನೋಡುತ್ತ ನಿಂತಿದ್ದೆ. ಅಳು ಬಂತು, ಅತ್ತೆ. ಆಮೇಲೆ ರವಿಕೆಯನ್ನು ಹತ್ತಿರದ ಮನೆಯ ನಲ್ಲಿಯಲ್ಲಿ ತೊಳೆದು, ಇಸ್ತ್ರಿ ಮಾಡಿಸಿಕೊಂಡೇ ತಲುಪಿಸಿದೆ.

ಅವತ್ತು ಹೆಲ್ಮೆಟ್ಟನ್ನು ಮಳಿಗೆಯ ಮೊಳೆಗೆ ಹಾಕಲಿಲ್ಲ. ಚೀಲದಲ್ಲಿಟ್ಟುಕೊಂಡು ಮನೆಗೆ ತಂದೆ. ಸಂಜೆ ಯಜಮಾನರು ಬಂದು ಕೈಕಾಲು ತೊಳೆದು ಊಟಕ್ಕೆ ಕೂತರು. ನಾನು ಕೇಳುವ ಮುಂಚೆ ತಾವೇ ಶುರುಮಾಡಿದರು. ‘ಇವತ್ತೊಬ್ಬ ಹೆಲ್ಮೆಟ್ ವೀರ ಸಿಕ್ಕಿದ್ದ ಕಣೇ ಬೀರೂರ್ ರೋಡಲ್ಲಿ. ರೋಡು ಅವರಪ್ಪಂದು ಅನ್ನೋ ಹಂಗೆ ಹೋಗ್ತಾವ್ನೆ. ಕೊಟ್ಟೆ ನೋಡು ಒಂದು ಹಾರ್ನು, ಸೀದಾ ಚರಂಡಿಗ್ ಇಳ್ದ!’

ನಾನು ಒಳಗೆ ಹೋದೆ. ಹೆಲ್ಮೆಟ್ ಹಾಕಿಕೊಂಡು, ಗದ್ದದ ಕೆಳಗೆ ಪಟ್ಟಿ ಬಿಗಿದು, ಮುದ್ದೆಯ ತಟ್ಟೆ ಹಿಡಿದು ಬಂದು ಅವರ ಮುಂದೆ ಇಟ್ಟೆ. ಸಾರು ಬಡಿಸಿದೆ. ಎದುರಿಗೆ ಕೂತೆ.

ಅವರು ತಲೆ ಎತ್ತಿ ನೋಡಿದರು. ಮುದ್ದೆ ಮುರಿಯಲು ಹೋದ ಕೈ ಹಾಗೇ ನಿಂತಿತು. ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು.

‘ನೀನು ಅಂತ ಹೇಳ್ಬಾರ್ದಾ!’ ಎಂದು ಕೂಗಿದರು. ‘ಕೈನಾದ್ರೂ ತೋರ್ಸ್ಬಾರ್ದಾ! ನೀನು ಅಂತ ಗೊತ್ತಾಗಿದ್ರೆ ನಾನು ಹಂಗ್ ಮಾಡ್ತಿದ್ನೇನೇ?’

‘ಸೈಕಲ್ಲೂ ಗುರುತು ಸಿಗ್ಲಿಲ್ವಾ?’

‘ಸೈಕಲ್ನ ಯಾರು ನೋಡ್ತಾರೆ?’

‘ಅಲ್ಲಿಗೆ, ನಾನು ಅಂತ ಗೊತ್ತಾದ್ರೆ ಜಾಗ ಬಿಡ್ತೀರಾ. ಬೇರೆ ಯಾರಾದ್ರೂ ಆದ್ರೆ ಚರಂಡೀನಾ? ಅವನಿಗೂ ಒಬ್ಳು ಹೆಂಡ್ತಿ ಇರ್ತಾಳೆ ಕಣ್ರೀ. ಸಾರಿಗೆ ಒಗ್ಗರಣೆ ಇಟ್ಕೊಂಡು ಕಾಯ್ತಾ ಇರ್ತಾಳೆ.’

ಅವರು ಹಳೆಯದನ್ನೇ ಎತ್ತಿಕೊಂಡರು. ‘ಅದ್ಕೇ ಹೇಳಿದ್ದು. ನಾಳೇನೇ ಸೈಕಲ್ ಗುಜರಿಗೆ!’

‘ತಳ್ಳಿದ್ದು ಬಸ್ಸು, ಗುಜರಿಗೆ ಸೈಕಲ್ಲಾ? ಯಾವೂರ ನ್ಯಾಯ ಇದು? ಹಾಕೋ ಹಂಗಿದ್ರೆ ಮೊದ್ಲು ಬಸ್ ಹಾಕ್ಬನ್ನಿ. ನಾನು ಸೈಕಲ್ ಬಿಡಲ್ಲ. ಅದನ್ನ ಮುಟ್ಟಿದ್ರೆ ನಾನು ಈ ಒಲೆ ಮುಟ್ಟಲ್ಲ.’

ಅವತ್ತು ಮುದ್ದೆ ತಣ್ಣಗಾಯಿತು. ಇಬ್ಬರೂ ಉಣ್ಣಲಿಲ್ಲ.

ಮಾರನೆಯ ದಿನ ಮಳಿಗೆಯ ಮುಂದೆ ಕಬ್ಬಿಣದ ಸರಳು ತುಂಬಿದ ಲಾರಿ ನಿಂತಿತ್ತು. ಸರಳುಗಳು ಹಿಂದಕ್ಕೆ ಚಾಚಿಕೊಂಡಿದ್ದವು, ತುದಿಗೆ ಒಂದು ಕೆಂಪು ಬಟ್ಟೆ ಚೂರು ಕಟ್ಟಿತ್ತು. ಕಾರು, ಬೈಕು, ಆಟೋ ಎಲ್ಲವೂ ಆ ಚಿಂದಿಗೆ ಹೆದರಿ ದೂರದಿಂದ ಬಳಸಿಕೊಂಡು ಹೋಗುತ್ತಿದ್ದವು. ನೋಡುತ್ತ ನಿಂತೆ. ಒಳಗೆ ಹೋಗಿ, ಲೈನಿಂಗ್ ಬಟ್ಟೆ ಅಳೆದು ಕೊಡಲು ಇಟ್ಟಿದ್ದ ಮರದ ಮೀಟರ್ ಕಡ್ಡಿ ತಂದೆ. ಅದನ್ನು ಕ್ಯಾರಿಯರಿಗೆ ಅಡ್ಡಲಾಗಿ, ಬಲಗಡೆಗೆ ಹೆಚ್ಚು ಚಾಚುವ ಹಾಗೆ ಬಿಗಿದು ಕಟ್ಟಿದೆ. ತುದಿಗೆ ಕೆಂಪು ರವಿಕೆ ಬಟ್ಟೆಯ ಬಾವುಟ.

ಏನು ಹೇಳಲಿ! ಅವತ್ತು ರಸ್ತೆಯೇ ನನ್ನದಾಯಿತು. ನನ್ನ ತಲೆಗೆ, ಮೂಳೆಗೆ, ಹಣೆಯ ರಕ್ತಕ್ಕೆ ಜಾಗ ಬಿಡದವರೆಲ್ಲ ತಮ್ಮ ಗಾಡಿಯ ಬಣ್ಣಕ್ಕೆ ಗೀರು ಬೀಳಬಾರದೆಂದು ಮಾರುದ್ದ ದೂರ ಸರಿದರು. ನಗುವೂ ಬಂತು, ಹೊಟ್ಟೆಯೂ ಉರಿಯಿತು. ಸರ್ಕಲ್ಲಿನಲ್ಲಿ ಪೊಲೀಸಪ್ಪ ಕೈ ಅಡ್ಡ ಹಿಡಿದು, ‘ಏನಮ್ಮ ಇದು?’ ಎಂದ. ‘ಲೋಡು’ ಎಂದೆ. ‘ಲಾರಿಗೆ ಕೆಂಪು ಬಟ್ಟೆ ಕಟ್ಟಿದ್ರೆ ಸುಮ್ನೆ ಬಿಡ್ತೀರಲ್ಲ ಸಾರ್, ನಾನೂ ಕಟ್ಟಿದೀನಿ.’ ಅವನು ತಲೆ ಕೆರೆದುಕೊಂಡು ಬಿಟ್ಟ.

ಅಷ್ಟರಲ್ಲಿ ಯಜಮಾನರಿಂದ ವಿಷಯ ತಿಳಿದ ಕಂಡಕ್ಟರ್ ಬಂದು ಮಳಿಗೆಯ ಮೆಟ್ಟಿಲ ಮೇಲೆ ಕೂತು, ಕಣ್ಣೀರು ಹಾಕಿಕೊಂಡು, ‘ತಪ್ಪಾಯ್ತಕ್ಕಾ, ನೀವು ಅಂತ ಗೊತ್ತಾಗ್ಲಿಲ್ಲ’ ಎಂದ. ಇವನೂ ಅದೇ ಮಾತು! ಆದರೆ ಅವನ ಬಾಯಿಂದ ಸುದ್ದಿ ಬಸ್ ಸ್ಟ್ಯಾಂಡಿಗೆಲ್ಲ ಹರಡಿತು. ಹೆಲ್ಮೆಟ್ಟು, ಕೆಂಪು ಬಾವುಟ ಕಂಡರೆ ಅದು ನಮ್ಮೋನ ಹೆಂಡ್ತಿ, ಹುಷಾರು ಎಂದು ಡ್ರೈವರುಗಳೆಲ್ಲ ಮಾತಾಡಿಕೊಂಡರು. ತರೀಕೆರೆ ಬಸ್ಸು, ಅಜ್ಜಂಪುರದ ಬಸ್ಸು, ಎಲ್ಲವೂ ನನ್ನ ಹಿಂದೆ ನಿಧಾನಿಸಿ, ಸಣ್ಣಗೆ ಹಾರ್ನ್ ಮಾಡಿ, ದೊಡ್ಡ ಸುತ್ತು ಹಾಕಿ ದಾಟತೊಡಗಿದವು. ಕೆಲವು ದಿನ ನಾನೂ ಅದರಲ್ಲಿ ಮೆರೆದೆ.

ಆ ಮೆರೆತ ಇಳಿದದ್ದು ಒಂದು ಬೆಳಿಗ್ಗೆ. ನನ್ನ ಮುಂದೆ ಗಾರೆ ಕೆಲಸದ ಒಬ್ಬರು ಹಿರಿಯರು, ನಾವೆಲ್ಲ ತಾತ ಎನ್ನುವವರು, ಹ್ಯಾಂಡಲ್ಲಿಗೆ ಊಟದ ಡಬ್ಬಿ ನೇತುಹಾಕಿಕೊಂಡು ತುಳಿಯುತ್ತಿದ್ದರು. ಹಿಂದಿನಿಂದ ನಮ್ಮ ಯಜಮಾನರ ಬಸ್ಸು ಬಂತು. ನನಗೆ ಒಂದು ಮಾರು ಜಾಗ ಬಿಟ್ಟು, ಮೆತ್ತಗೆ ಹಾರ್ನ್ ಮಾಡಿ ದಾಟಿತು. ದಾಟಿದ್ದೇ ಎಡಕ್ಕೆ ಎಳೆದುಕೊಂಡು ತಾತನನ್ನು ಗೇಣು ಅಂತರದಲ್ಲಿ ಒರೆಸಿಕೊಂಡು ಹೋಯಿತು. ತಾತ ಜಲ್ಲಿಗೆ ಇಳಿದು ನಿಂತರು. ಡಬ್ಬಿ ಉರುಳಿ ಅನ್ನ ಚೆಲ್ಲಿತು. ನಾನು ಇಳಿದು ಡಬ್ಬಿ ಎತ್ತಿಕೊಟ್ಟೆ. ‘ಬಿಡವ್ವಾ, ದಿನಾ ಇದ್ದದ್ದೇ’ ಎಂದು ಅವರು ಪಂಚೆ ಕೊಡವಿಕೊಂಡರು. ನನಗೆ ಆ ಒಂದು ಮಾರು ಜಾಗ ಅವತ್ತೇ ಬೇಡವಾಯಿತು. ಒಬ್ಬನ ಹೆಂಡತಿ ಎಂಬ ದಾಕ್ಷಿಣ್ಯಕ್ಕೆ ಸಿಗುವ ರಸ್ತೆಯನ್ನು ಇಟ್ಟುಕೊಂಡು ನಾನೇನು ಮಾಡಲಿ?

ಮಳಿಗೆಗೆ ಬಂದವಳೇ ಕೆಂಪು ಬಟ್ಟೆಯ ಥಾನು ಬಿಚ್ಚಿದೆ. ಒಂದೇ ಅಳತೆಗೆ ಕತ್ತರಿಸಿ ಬಾವುಟ ಹೊಲಿದೆ. ತಾತನಿಗೆ ಕೊಟ್ಟೆ, ಹಾಲು ಹಾಕುವವನಿಗೆ ಕೊಟ್ಟೆ, ಸೊಪ್ಪು ಮಾರುವವಳಿಗೆ ಕೊಟ್ಟೆ. ಬಿದಿರು ದಬ್ಬೆ ಕಟ್ಟಿಕೊಳ್ಳಿ, ತುದಿಗೆ ಇದನ್ನು ಸಿಕ್ಕಿಸಿ ಎಂದೆ. ‘ನಾಚ್ಕೆ ಆಯ್ತದೆ ಕಣಕ್ಕ’ ಎಂದವರೂ ಇದ್ದರು. ‘ಸಾಯಕ್ ನಾಚ್ಕೆ ಇಲ್ವಾ?’ ಎಂದೆ. ಕಟ್ಟಿದರು. ಮಂಜು ಕವಿದ ಒಂದು ಬೆಳಿಗ್ಗೆ ತಾತ ಕೆಲಸಕ್ಕೆ ಹೊರಟಿದ್ದಾಗ ನಿಲ್ಲಿಸಿ, ನನ್ನ ಹೆಲ್ಮೆಟ್ಟನ್ನೂ ಆ ತುಂಬು ತೋಳಿನ ಅಂಗಿಯನ್ನೂ ಕೊಟ್ಟೆ. ‘ಇವತ್ತೊಂದಿನ ಹಾಕ್ಕೊಂಡ್ ಹೋಗಿ’ ಎಂದೆ. ಅವರು ಕನ್ನಡಿಯಲ್ಲಿ ನೋಡಿಕೊಂಡು, ಹಲ್ಲಿಲ್ಲದ ಬಾಯಲ್ಲಿ ನಕ್ಕು ಹೊರಟರು.

ಸಂಜೆ ಯಜಮಾನರು ಬಂದಾಗ ಮುಖ ಅರಳಿತ್ತು. ಗುಜರಿಯ ಮಾತು ಅವರು ಬಿಟ್ಟು ಬಹಳ ದಿನಗಳಾಗಿದ್ದವು. ಊಟಕ್ಕೆ ಕೂತವರು, ‘ನೋಡ್ದ್ಯಾ ಇವತ್ತು?’ ಎಂದರು. ‘ಎದುರ್ಗೆ ಲಾರಿ ಬತ್ತಿತ್ತು ಅಂತ ನಿನ್ನ ಹಿಂದೇನೇ ಬಂದೆ, ಹಾರ್ನೂ ಹೊಡೀಲಿಲ್ಲ. ಟೈಮಿಂಗ್ ಹೋದ್ರೆ ಹೋಗ್ಲಿ ಅಂತ. ನಮ್ ಕಂಡಕ್ಟರ್ ಅಂತೂ ಹುಷಾರಕ್ಕಾ ಅಂತ ಕೈ ಬೀಸ್ದ. ನೀನು ತಿರುಗೂ ನೋಡ್ಲಿಲ್ವಲ್ಲೇ?’

‘ನಾನು ಇವತ್ತು ಮಳಿಗೆ ಬಿಟ್ಟು ಹೋಗೇ ಇಲ್ಲ’ ಎಂದೆ.

‘ಮತ್ತೆ ಅದು?’

‘ಯಾರೋ.’

ಅವರು ತುತ್ತು ಕೈಯಲ್ಲಿ ಹಿಡಿದೇ ನನ್ನನ್ನು ನೋಡಿದರು. ಬೀರೂರು ರಸ್ತೆಯಲ್ಲಿ ಕಂಡ ಬಾವುಟಗಳನ್ನೆಲ್ಲ ಮನಸ್ಸಿನಲ್ಲೇ ಎಣಿಸುತ್ತಿದ್ದರು ಎಂದು ಕಾಣುತ್ತದೆ. ಕೊನೆಗೆ ಮೆಲ್ಲಗೆ ಕೇಳಿದರು.

‘ಹಂಗಾದ್ರೆ ನಾಳೆಯಿಂದ ಯಾವುದು ನೀನು ಅಂತ ನಂಗ್ ಹೆಂಗೇ ಗೊತ್ತಾಗ್ಬೇಕು?’

‘ಗೊತ್ತಾಗ್ಬಾರ್ದು ಕಣ್ರೀ’ ಎಂದೆ, ಇನ್ನೊಂದು ಸೌಟು ಸಾರು ಬಡಿಸಿದೆ.